ಶೀನ ಬಿಟ್ಟ ಚೆಂಡು

ನಾನು ನಿಂತಿದ್ದದ್ದು ಬಯಲಿನ ಪಡುಬದಿಯ ಗೆರೆಯ ಮೇಲೆ, ತೆಂಕು ಮೂಲೆಯ ಬಾವುಟಕ್ಕೆ ಐದು ಹೆಜ್ಜೆ ಇರುವಲ್ಲಿ. ಊರು ಉಡುಪಿ. ಅರವತ್ತರ ದಶಕ ಶುರುವಾದ ವರ್ಷದ ಡಿಸೆಂಬರ್ ತಿಂಗಳು, ಎರಡನೆಯ ಶನಿವಾರ. ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು, ಆಟ ಮುಗಿಯಲು ಆರು ನಿಮಿಷ ಬಾಕಿ. ಬಿಸಿಲು ನನ್ನ ಬೆನ್ನಿಗೆ ಬೀಳುತ್ತಿತ್ತು. ಆದ್ದರಿಂದ ಕಣ್ಣಿಗೆ ಬಿಸಿಲು ಹೊಡೆಯಿತು ಎಂದು ನಾನು ಹೇಳುವ ಹಾಗಿಲ್ಲ.

ಅದು ಫುಟ್‌ಬಾಲ್ ಕಪ್ಪಿನ ಕೊನೆಯ ಪಂದ್ಯ, ನಾನು ಬಾವುಟ ಹಿಡಿದ ಲೈನ್ಸ್‌ಮನ್. ಒಂದು ಕಡೆ ಕಾಪುವಿನ ತಂಡ, ಇನ್ನೊಂದು ಕಡೆ ಕಾರ್ಕಳದ ಒಂದು ಬಸ್ ಕಂಪೆನಿಯ ತಂಡ. ಅಷ್ಟು ಹೊತ್ತಿನವರೆಗೂ ಗೋಲಾಗಿರಲಿಲ್ಲ. ಕಾರ್ಕಳದ ಆಟಗಾರನೊಬ್ಬ ಮೂಡುಬದಿಯಿಂದ, ಅಂದರೆ ನನ್ನಿಂದ ಅತಿ ದೂರದ ಬದಿಯಿಂದ, ಚೆಂಡನ್ನು ತೆಂಕಿನ ಗೋಲಿನ ಆ ಬದಿಯ ಕಂಬದ ಕಡೆಗೆ ಬಲವಾಗಿ ಒದ್ದ. ಕಾಪುವಿನ ಗೋಲ್‌ಕೀಪರ್ ಶೀನ ಆ ಕಂಬದ ಪಕ್ಕದಲ್ಲೇ ಇದ್ದ. ಅವನು ಎರಡೂ ಕೈ ಮುಂದೆ ಚಾಚಿದ. ಚೆಂಡು ಹತ್ತಿರ ಬಂದಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. ಬಲೆ ಅಲುಗಿತು. ನೋಡುವಾಗ ಚೆಂಡು ಬಲೆಯ ಒಳಗೆ ಹುಲ್ಲಿನ ಮೇಲೆ ಬಿದ್ದಿತ್ತು.

ನಾನು ಬಾವುಟ ಎತ್ತಿ ಬಯಲಿನ ನಡುವಿನ ಕಡೆಗೆ ಓಡಿದೆ. ಗೋಲಾಯಿತು ಎನ್ನಲು ಆಗ ನಾವು ಮಾಡುತ್ತಿದ್ದ ಸನ್ನೆ ಅದು. ರೆಫ್ರಿ ಲಾರೆನ್ಸ್ ಮಾಸ್ಟರು ಹಿಂದೆ ಉಳಿದಿದ್ದರು, ಅವರ ಎದುರು ನಾಲ್ಕಾರು ಆಟಗಾರರಿದ್ದರು. ಅವರು ನನ್ನನ್ನು ಕೇಳಿದರು, "ಒಳಗೆಯಾ?"

"ಒಳಗೆ," ಎಂದೆ.

ಆ ಮಾತು ತಪ್ಪಾಗಿತ್ತು. ಅದು ತಿಳಿಯಲು ನನಗೆ ಎಂಟು ದಿನ ಬೇಕಾಯಿತು.

ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರನಾಗಿದ್ದೆ. ಈಗ ಅದನ್ನು ದೈಹಿಕ ಶಿಕ್ಷಕ ಎನ್ನುತ್ತಾರೆ. ಆ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನಲ್ಲಿಗೆ ಬರುತ್ತಾರೆ, ಹಿಂದೆ ಹೇಗಿತ್ತು ಎಂದು ಕೇಳುತ್ತಾರೆ. ಎಷ್ಟು ವರ್ಷ ದುಡಿದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದು ಶಾಲೆಯ ಪುಸ್ತಕದಲ್ಲಿ ಉಂಟು. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಶಾಲೆಯ ಕೆಲಸದ ಜೊತೆಗೆ ಪಂದ್ಯಗಳಿಗೆ ಹೋಗುವುದೂ ನಮ್ಮ ಪಾಲಿಗೆ ಬರುತ್ತಿತ್ತು. ಐವತ್ತರ ದಶಕದಲ್ಲಿ ನಮ್ಮ ಕಡೆ ಗೋಲಿನ ಕಂಬಗಳಿಗೆ ಬಲೆ ಇರಲಿಲ್ಲ. ಎರಡು ಕಂಬ, ಮೇಲೊಂದು ಅಡ್ಡ ಮರ, ಅಷ್ಟೇ. ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಎಂದು ನೋಡಲು ಕಂಬದ ಹಿಂದೆ ಊರಿನ ಹಿರಿಯರೊಬ್ಬರನ್ನು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಎರಡೂ ತಂಡದವರು ಒಪ್ಪುವ ಮನುಷ್ಯ ಆಗಬೇಕು. ಅಂಥವರಿಗೆ ಸಾಧಾರಣವಾಗಿ ವಯಸ್ಸಾಗಿರುತ್ತಿತ್ತು. ಒಮ್ಮೆ ಕಾರ್ಕಳದಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಗಲಾಟೆಯಾಗಿ, ಎಬ್ಬಿಸಿ, "ಸಾರ್, ಎಂತ ಕಂಡಿರಿ?" ಎಂದು ಕೇಳಿದರೆ ಅವರು ಎದ್ದು ನಿಂತು, "ಎರಡು ಕಡೆಯವರೂ ಬಹಳ ಚೆನ್ನಾಗಿ ಆಡಿದರು," ಎಂದರು. ಜನ ನಕ್ಕದ್ದರಿಂದ ಹೊಡೆದಾಟ ತಪ್ಪಿತು.

ಈ ಕಪ್ಪಿನ ಸೆಮಿಫೈನಲು ಮಣಿಪಾಲದಲ್ಲಿ ನಡೆದಾಗ ಯಾರೂ ನಗಲಿಲ್ಲ. ಅಲ್ಲಿನ ಬಯಲು ಗುಡ್ಡದ ಮೇಲೆ ಇತ್ತು, ನೆಲವೆಲ್ಲ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹರಳು. ಶೀನ ಅವತ್ತು ಆ ಹರಳಿನ ಮೇಲೆ ಮೂರು ಸಲ ಹಾರಿ ಚೆಂಡು ಹಿಡಿದು ಎರಡೂ ಮೊಣಕಾಲಿನ ಚರ್ಮ ಕಳೆದುಕೊಂಡ. ಕಾಪು ಒಂದು ಗೋಲಿನಿಂದ ಗೆದ್ದಿತು. ಆದರೆ ಆ ಗೋಲು ಕಂಬದ ಹೊರಗಿಂದ ಹೋದದ್ದೆಂದು ಎದುರಾಳಿ ಕಡೆಯವರು ನನ್ನನ್ನೂ ಲಾರೆನ್ಸ್ ಮಾಸ್ಟರರನ್ನೂ ಅರ್ಧ ಗಂಟೆ ಸುತ್ತುಗಟ್ಟಿ ನಿಲ್ಲಿಸಿದರು. ಮರುದಿನ ನಾನು ಪಂದ್ಯ ಸಮಿತಿಯವರಿಗೆ, "ಫೈನಲಿಗೆ ಬಲೆ ಇಲ್ಲದಿದ್ದರೆ ನಾನು ಬಾವುಟ ಹಿಡಿಯುವುದಿಲ್ಲ," ಎಂದೆ. ಬಲೆ ಬಂದದ್ದು ನನ್ನ ಹಟದಿಂದ.

ಪೇಟೆಯಲ್ಲಿ ಗೋಲಿನ ಬಲೆ ಸಿಗುತ್ತಿರಲಿಲ್ಲ. ಕಾಪುವಿನ ಕಡಲ ಬದಿಯ ದೂಮಣ್ಣ ಎಂಬ ಹಿರಿಯ ಮೀನುಗಾರರು ತಮ್ಮ ದೊಡ್ಡ ಬಲೆಯ ನಾಲ್ಕು ತುಂಡು ಕೊಟ್ಟರು, ಒಂದೊಂದು ಗೋಲಿಗೆ ಎರಡೆರಡು. ಶನಿವಾರ ಬೆಳಿಗ್ಗೆ ಬಸ್ಸಿನ ಮೇಲೆ ಹಾಕಿ ತಂದು, ತಾವೇ ನಿಂತು ಕಟ್ಟಿಸಿದರು. ಮೂಡುಬದಿಯ ಕಂಬದ ಹಿಂದೆ, ಗೋಲಿನ ಮಗ್ಗುಲಲ್ಲಿ, ಎರಡು ತುಂಡುಗಳು ಕೂಡುವ ಜಾಗದಲ್ಲಿ ಅಂಚಿನ ಮೇಲೆ ಅಂಚು ಬರುವ ಹಾಗೆ ಹಾಕಿ, ಒಂದು ಹಗ್ಗದಿಂದ ಸಾಲಾಗಿ ಗಂಟು ಹಾಕಿದರು. ಬಲೆಯ ಬುಡದಲ್ಲಿ ಮಣ್ಣಿನ ಗುಂಡುಗಳಿದ್ದವು. ಆ ಭಾರಕ್ಕೆ ಬಲೆ ನೆಟ್ಟಗೆ ಇಳಿದು ನಿಂತಿತು. ನೋಡಲು ಚಂದವಾಗಿತ್ತು. ತೆಂಕಿನ ಗೋಲಿನಲ್ಲಿ ಮಾತ್ರ ಹಗ್ಗದ ತುದಿ ಎರಡು ಮೊಳದಷ್ಟು ಉಳಿದು ನೇತಾಡುತ್ತಿತ್ತು.

ಅಷ್ಟಾದ ಮೇಲೆ ದೂಮಣ್ಣ ಚಾ ಕುಡಿಯಲು ಹೋದರು.

ಪಂದ್ಯದ ಸಂಜೆಗೆ ಮತ್ತೆ ಬರುತ್ತೇನೆ. ಗೋಲು ಕೊಟ್ಟ ಕೂಡಲೇ ಕಾಪುವಿನ ಕ್ಯಾಪ್ಟನ್ ಬಲೆ ನೋಡಬೇಕೆಂದು ಕೇಳಿದ. ಲಾರೆನ್ಸ್ ಮಾಸ್ಟರು ಬಲೆಯ ಸುತ್ತ ನಡೆದು, ಅಲ್ಲಲ್ಲಿ ಕೈಯಿಂದ ಕೆಳಕ್ಕೆ ಜಗ್ಗಿ ನೋಡಿದರು. ಎಲ್ಲೂ ಹರಿದಿರಲಿಲ್ಲ. ನಾನೂ ಹಿಂದೆ ಹಿಂದೆ ನಡೆದು ನೋಡಿದೆ, ಎಲ್ಲೂ ಹರಿದಿರಲಿಲ್ಲ. ಕ್ಯಾಪ್ಟನ್ ಬಿಟ್ಟು ಬೇರೆಯವರು ರೆಫ್ರಿಯೊಡನೆ ಮಾತಾಡಬಾರದೆಂಬುದು ಲಾರೆನ್ಸ್ ಮಾಸ್ಟರರ ಕಟ್ಟುನಿಟ್ಟು. ಆದ್ದರಿಂದ ಶೀನ ಚೆಂಡನ್ನೇ ನೋಡುತ್ತ ನಿಂತಿದ್ದ. ಕಾರ್ಕಳ ಒಂದು ಗೋಲಿನಿಂದ ಕಪ್ಪು ಗೆದ್ದಿತು.

ಆಮೇಲೆ ನಾನು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆ. ಬಾವುಟ ಹಿಡಿದವನು ಪಂದ್ಯದ ದಿನ ಜನ ಸೇರುವ ಹೋಟೆಲಿಗೆ ಹೋಗಬಾರದು. ಇದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು. ಮೂಲೆಯ ಮೇಜಿನಲ್ಲಿ ಸಂತೆಕಟ್ಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಫೆಲಿಕ್ಸ್ ಮತ್ತು ಕಾಪುವಿನ ದರ್ಜಿ ಬೂಬಣ್ಣ ಇದ್ದರು. ಕಾಪು ತಂಡದ ಅಂಗಿ ಹೊಲಿದುಕೊಟ್ಟವನು ಬೂಬಣ್ಣನೇ. ಇಬ್ಬರೂ ಒಂದು ಪಂದ್ಯ ಬಿಟ್ಟವರಲ್ಲ. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಗೋಲಿ ಅಂದ್ರೆ ಚರ್ಮ ಹೋಗ್ಬೇಕು ಮಾರಾಯ," ಎನ್ನುತ್ತಿದ್ದ ಫೆಲಿಕ್ಸ್. ಗೋಲ್‌ಕೀಪರನನ್ನು ಗೋಲಿ ಎನ್ನುವುದು ನಮ್ಮ ಕಡೆಯ ರೂಢಿ. "ಶೀನನ ಮೊಣಕಾಲು ನೋಡಿದಿಯಾ ಇವತ್ತು? ಹೊಸ ಗೀರು ಒಂದಿಲ್ಲ. ಮದುವೆಗೆ ಹೊರಟವನ ಹಾಗೆ ಉಂಟು."

"ಮಣಿಪಾಲದಲ್ಲಿ ಎರಡು ಮೊಣಕಾಲೂ ಹೋದಾಗ ನೀನು ಎಂತ ಹೇಳಿದ್ದಿ? ಮಂಗಳೂರಿನಿಂದ ಈಚೆಗೆ ಇಂಥ ಗೋಲಿ ಇಲ್ಲ ಅಂತ ಹೇಳಿದ್ದಿ."

"ಹೇಳಿದ್ದೆ. ಈಗಲೂ ಹೇಳ್ತೇನೆ. ಅದಕ್ಕೇ ಬೇಜಾರು. ಬಾರದವ ಬಿಟ್ರೆ ಪಾಪ ಅನ್ನಬಹುದು. ಇವ ಕೆಂಡ ಕಂಡ ಹಾಗೆ ಕೈ ಎಳೆದ. ನೀನೂ ಕಂಡಿದ್ದಿ."

"ಹೊರಗೆ ಹೋಗ್ತದೆ ಅಂತ ಬಿಟ್ಟಿರ್ಬೇಕು. ಮುಟ್ಟಿದ್ರೆ ಅವರಿಗೆ ಕಾರ್ನರ್ ಕಿಕ್ ಅಲ್ವಾ?"

"ಹೊರಗೆ ಅಂತ ಬಿಟ್ಟ ಚೆಂಡು ಒಳಗೆ ಹೇಗೆ ಬಂತು ಬೂಬಣ್ಣ? ನಡೆದುಕೊಂಡು ಬಂತಾ?"

ಆಚೆ ಮೇಜಿನಿಂದ ಯಾರೋ, "ಕಾಪುವಿಗೆ ಬಂಗುಡೆ ಬಂದಿರ್ಬೇಕು!" ಎಂದರು. ಹೋಟೆಲೆಲ್ಲ ನಕ್ಕಿತು. ಹೆಜಮಾಡಿಯ ತಂಡವೊಂದು ಬಂಗುಡೆ ಮೀನಿನ ಹಿಂಡು ದಡಕ್ಕೆ ಬಂದ ವಾರ ಎಂದೂ ಗೆಲ್ಲುತ್ತಿರಲಿಲ್ಲ. ಗೆದ್ದರೆ ಮುಂದಿನ ಪಂದ್ಯಕ್ಕೂ ಬರಬೇಕಲ್ಲ, ಬಲೆ ಎಳೆಯುವವರು ಯಾರು? ಅವರು ಬೇಕೆಂದೇ ಸೋಲುತ್ತಿದ್ದರೋ, ಮನಸ್ಸು ಕಡಲಿನಲ್ಲಿದ್ದು ಸೋಲುತ್ತಿದ್ದರೋ, ನಾನು ಹೇಳಲಾರೆ. ತಂಡ ಮನಸ್ಸಿಟ್ಟು ಆಡಲಿಲ್ಲ ಎನ್ನಲು ನಮ್ಮ ಕಡೆ ಆ ಒಂದು ಮಾತು ಸಾಕಿತ್ತು. ಬೂಬಣ್ಣ ನಗಲಿಲ್ಲ. ಚಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

"ಮಾಸ್ಟ್ರೆ, ನೀವು ಹತ್ತಿರ ಇದ್ದವರು. ಹೇಳಿ, ಬಿಟ್ಟದ್ದಾ ಹೋದದ್ದಾ?" ಎಂದು ಫೆಲಿಕ್ಸ್ ನನ್ನ ಕಡೆ ತಿರುಗಿದ.

"ರೆಫ್ರಿಗೆ ಹೇಳಬೇಕಾದ್ದನ್ನು ಹೇಳಿದ್ದೇನೆ," ಎಂದೆ. ಹಾಗೆ ಹೇಳುವುದು ಘನತೆ ಎಂದು ಆಗ ತಿಳಿದಿದ್ದೆ.

ಬುಧವಾರ ಶೀನನಿಗೆ ಒಂದು ಕಾಗದ ಬಂತು. ಅವನು ಕಾಪುವಿನ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಏಳನೆಯ ತರಗತಿ ಓದಿದ್ದ. ಮಳೆಗಾಲದಲ್ಲೇ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಬಂದದ್ದು ಆ ಕೆಲಸದ ಕಾಗದ. ಕಳಿಸಿದ್ದು ಕಾರ್ಕಳದ ಅದೇ ಕಂಪೆನಿ. ಹನ್ನೆರಡು ದಿನದೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಬರೆದಿತ್ತು.

ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಆ ದಿನದಿಂದ ಎಲ್ಲರ ಬಾಯಲ್ಲಿ ಖಚಿತವಾಯಿತು. ಕಪ್ಪು ಕೊಟ್ಟು ಕೆಲಸ ತೆಗೆದುಕೊಂಡ ಎಂದರು. ಗಿರಣಿಯಲ್ಲಿ ಅವನ ಬೆನ್ನಿಗೆ ಮೂಟೆ ಏರಿಸುವವರು ಏರಿಸುವಾಗ, "ಕೈ ಎಳಿಬೇಡ ಶೀನ," ಎನ್ನುತ್ತಿದ್ದರಂತೆ.

ಶುಕ್ರವಾರ ನಾಲ್ಕೂವರೆ ಗಂಟೆಗೆ ಅವನು ನಮ್ಮ ಶಾಲೆಗೆ ಬಂದ. ನಾನು ಆಟದ ಸಾಮಾನು ಇಡುವ ಕೋಣೆಗೆ ಬೀಗ ಹಾಕುತ್ತಿದ್ದೆ. ಅವನು ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತ.

"ಮಾಸ್ಟ್ರೆ, ಜಗಳಕ್ಕೆ ಬಂದದ್ದಲ್ಲ. ಒಂದು ಮಾತು ಕೇಳ್ತೇನೆ. ಚೆಂಡು ಕಂಬದ ಒಳಗಿಂದ ಹೋದದ್ದು ನೀವು ಕಂಡಿದ್ದೀರಾ?"

"ಬಲೆಯ ಒಳಗೆ ಇತ್ತಲ್ಲ ಶೀನ."

"ಇದ್ದದ್ದು ನಾನೂ ಕಂಡೆ. ಹೋದದ್ದು?"

ನಾನು ಕೀಲಿಕೈ ಹಿಡಿದು ನಿಂತೆ. ಮೂಡುಬದಿಯ ಕಂಬ ನನ್ನಿಂದ ನಲವತ್ತು ಗಜ ದೂರದಲ್ಲಿತ್ತು. ಕಂಬಕ್ಕೂ ನನಗೂ ನಡುವೆ ಶೀನ ಇದ್ದ. ಕೈ ಎಳೆದುಕೊಂಡದ್ದು ಕಂಡಿತ್ತು, ಬಲೆ ಅಲುಗಿದ್ದು ಕಂಡಿತ್ತು, ಆಮೇಲೆ ಚೆಂಡು ಕಂಡಿತ್ತು. ನಡುವಿನದ್ದನ್ನು ನಾನು ತುಂಬಿಸಿಕೊಂಡಿದ್ದೆ.

"ಇಲ್ಲ," ಎಂದೆ.

"ನೀವು ಕಂಡಿದ್ದೇನೆ ಅಂದಿದ್ರೆ ನನ್ನ ಕಣ್ಣೇ ತಪ್ಪು ಅಂತ ಒಪ್ಪಿಕೊಂಡು ಕೆಲಸಕ್ಕೆ ಹೋಗ್ತಿದ್ದೆ. ನನ್ನ ಕಣ್ಣಿಗೆ ಅದು ಕಂಬದ ಹೊರಗೆ ಹೋಯಿತು. ಒಂದು ಗೇಣು ಹೊರಗೆ. ಆದ್ದರಿಂದ ಬಿಟ್ಟೆ." ಮತ್ತೆ ಹೇಳಿದ, "ಈಗ ಹೋದ್ರೆ ಮಾರಿದವ ಅಂತ ಆಯಿತು. ಹೋಗದಿದ್ರೆ ಸಾಯುವವರೆಗೆ ಮೂಟೆ. ಅಮ್ಮ ಹೋಗು ಅಂತಾಳೆ. ಕಾಪುವಿನ ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಜನ ನನ್ನ ಮುಖ ನೋಡ್ತಾರಲ್ಲ ಮಾಸ್ಟ್ರೆ."

ಬಲೆ ಕಟ್ಟಿದವರನ್ನೇ ಕೇಳಬೇಕು ಎನಿಸಿತು. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಕಾಪುವಿಗೆ ಹೋದೆ. ಶೀನನನ್ನು ಕರೆದುಕೊಂಡು ಕಡಲ ಬದಿಗೆ ನಡೆದೆ. ದೂಮಣ್ಣ ದೋಣಿಯ ನೆರಳಿನಲ್ಲಿ ಬಲೆ ಹರಡಿ ಕೂತಿದ್ದರು. ಹರಿದಲ್ಲಿ ಹೆಣೆಯುತ್ತಿದ್ದರು.

ಬಲೆಯಲ್ಲಿ ತೂತು ಏನಾದರೂ ಇತ್ತೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು.

"ತೂತು ಇರುವ ಬಲೆ ದೂಮ ಕೊಡುವುದಾ? ತೂತು ಇಲ್ಲ. ಆದರೆ ನಿಮ್ಮ ಉಡುಪಿಯವರಿಗೆ ಬಲೆ ಕೊಡಬಾರದು ಅಂತ ಗೊತ್ತಾಯಿತು. ತೆಂಕಿನ ಬಲೆ ಬಿಚ್ಚಲು ಹೋದರೆ ಐದು ಗಂಟು ಮೊದಲೇ ಬಿಚ್ಚಿ ಬಿಟ್ಟಿದ್ದಾರೆ. ಹಗ್ಗದ ಬಾಲ ಕೊಂಡುಹೋಗಿ ಕಂಬಕ್ಕೆ ಕಟ್ಟಿದ್ದಾರೆ. ಅದು ಎಂತ ಗಂಟು! ದನ ಕಟ್ಟಿದ ಹಾಗೆ ಕಟ್ಟಿದ್ದಾರೆ. ಕತ್ತಿಯಲ್ಲಿ ಕೊಯ್ಯಬೇಕಾಯಿತು. ಯಾವ ಗುಡ್ಡೆಯವನೋ!"

ನಾನು ಘಟ್ಟದ ಬುಡದ ಹೆಬ್ರಿಯವನು. ನಮ್ಮ ಮನೆಯಲ್ಲಿ ಎಂಟು ದನಗಳಿದ್ದವು.

ದೂಮಣ್ಣ ಚಾ ಕುಡಿಯಲು ಹೋದಾಗ, ನೇತಾಡುತ್ತಿದ್ದ ಆ ಹಗ್ಗದ ತುದಿ ನನ್ನ ಕಣ್ಣಿಗೆ ಬಿದ್ದಿತ್ತು. ಯಾರದಾದರೂ ಕಾಲಿಗೆ ತೊಡರಬಾರದು, ನೋಡಲೂ ಓರಣವಾಗಿರಬೇಕು ಎಂದು ಅದನ್ನು ಎಳೆದು ಕಂಬಕ್ಕೆ ಬಿಗಿದು ಕಟ್ಟಿದವನು ನಾನೇ. ಡ್ರಿಲ್ ಮಾಸ್ಟರನಿಗೆ ನೇತಾಡುವ ಹಗ್ಗ ಕಂಡರೆ ಆಗುವುದಿಲ್ಲ.

"ಕಟ್ಟಿದವನು ನಾನು ದೂಮಣ್ಣ," ಎಂದೆ.

ಅವರು ನನ್ನ ಮುಖ ನೋಡಿದರು, ಶೀನನ ಮುಖ ನೋಡಿದರು. ಬೈಯಲಿಲ್ಲ. ಎರಡು ತುಂಡು ಬಲೆ ತೆಗೆದು ದೋಣಿಯ ಅಂಚಿನಿಂದ ಇಳಿಬಿಟ್ಟು, ಮೊದಲಿನ ಹಾಗೆಯೇ ಅಂಚಿನ ಮೇಲೆ ಅಂಚು ಹಾಕಿ ಹಗ್ಗ ಹೆಣೆದರು. "ಇದು ಕಡಲಿನ ಗಂಟು. ಬಲೆ ಎಲ್ಲಿಯಾದರೂ ಬಂಡೆಗೆ ಸಿಕ್ಕಿದರೆ ತುಂಡು ಬೇರೆ ಮಾಡಬೇಕು, ಆಗ ಬಿಚ್ಚುತ್ತ ಕೂರಲು ಆಗುವುದಿಲ್ಲ. ಬಾಲ ಎಳೆದರೆ ಸಾಲು ಸಾಲಾಗಿ ಬಿಚ್ಚುತ್ತದೆ. ಆದ್ದರಿಂದ ಬಾಲವನ್ನು ಯಾವುದಕ್ಕೂ ಕಟ್ಟುವುದಿಲ್ಲ." ಬಾಲದ ತುದಿಯನ್ನು ನನ್ನ ಕೈಗೆ ಕೊಟ್ಟರು. "ಈಗ ನೀವೇ ಕಂಬ. ಗಟ್ಟಿ ಹಿಡಿಯಿರಿ."

ಶೀನ ದಡದಲ್ಲಿ ಬಿದ್ದಿದ್ದ ಒಂದು ತೆಂಗಿನಕಾಯಿ ಎತ್ತಿಕೊಂಡು, ಅವತ್ತು ಚೆಂಡು ಕಂಬದ ಹೊರಗೆ ಹೋದ ಹಾಗೆಯೇ, ಹೊರಬದಿಯಿಂದ ಬಲೆಗೆ ಎಸೆದ. ಬಲೆ ಒಳಕ್ಕೆ ಹೋಯಿತು, ಹಗ್ಗ ನನ್ನ ಬೆರಳನ್ನು ಜಗ್ಗಿತು, ಗಂಟುಗಳು ಒಂದರ ಹಿಂದೆ ಒಂದು ಬಿಚ್ಚಿಕೊಂಡವು. ಕಾಯಿ ಒಳಗೆ ಬಿತ್ತು. ಮಣ್ಣಿನ ಗುಂಡಿನ ಭಾರಕ್ಕೆ ಎರಡು ಅಂಚೂ ಮತ್ತೆ ಇಳಿದು ಒಂದರ ಮೇಲೊಂದು ಕೂತವು. ಎದುರಿನಿಂದ ನೋಡಿದರೆ ಬಲೆ ಇಡಿಯಾಗಿತ್ತು. ಕೆಳಕ್ಕೆ ಜಗ್ಗಿದರೂ ಇಡಿಯಾಗಿತ್ತು. ಅಡ್ಡಕ್ಕೆ ಎಳೆದಾಗ ಮಾತ್ರ ಬಾಯಿ ಬಿಟ್ಟಿತು.

ಶೀನ ಮರಳಿನ ಮೇಲೆ ಕೂತುಬಿಟ್ಟ. "ನನ್ನ ಕಣ್ಣು ಸರಿ ಉಂಟು," ಎಂದ. ಇನ್ನೊಮ್ಮೆ ಹೇಳಿದ.

ಸೋಮವಾರ ಶಾಲೆ ಬಿಟ್ಟ ಮೇಲೆ ಸೈಕಲ್ ತುಳಿದು ಕಲ್ಯಾಣಪುರಕ್ಕೆ, ಲಾರೆನ್ಸ್ ಮಾಸ್ಟರರ ಮನೆಗೆ ಹೋದೆ. ಅವರು ನನಗಿಂತ ಹದಿನೆಂಟು ವರ್ಷ ಹಿರಿಯರು. ಪಂದ್ಯದ ವರದಿಯನ್ನು ಅದೇ ದಿನ ಶಾಯಿಯಲ್ಲಿ ಬರೆದು ಸಹಿ ಹಾಕುವವರು, ಒಂದು ಅಕ್ಷರ ತಿದ್ದುವವರಲ್ಲ. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

"ಆ ಗಂಟು ನಿನ್ನದೇ ಅಂತ ಹೇಗೆ ಹೇಳ್ತಿ?"

"ಕಾಪುವಿನಲ್ಲಿ ದನ ಕಟ್ಟುವ ಗಂಟಿನಿಂದ ಬಲೆ ಕಟ್ಟುವವರು ಯಾರೂ ಇಲ್ಲ ಮಾಸ್ಟ್ರೆ."

"ಚೆಂಡು ಹೋದದ್ದು ಕಾಣದೆ ಒಳಗೆ ಅಂತ ಹೇಳಿದಿ?"

"ಹೌದು."

ಒಳಗಿನಿಂದ ಅವರ ಹೆಂಡತಿ ಚಾ ತಂದಿಟ್ಟರು, ಅದು ತಣ್ಣಗಾಯಿತು. "ನಾನೂ ಸರಿಯಾಗಿ ಕೇಳಲಿಲ್ಲ," ಎಂದರು ಕೊನೆಗೆ. "ಒಳಗೆಯಾ ಅಂತ ಕೇಳಿದೆ. ಹೋದದ್ದು ಕಂಡೆಯಾ ಅಂತ ಕೇಳಬೇಕಿತ್ತು. ಜಗ್ಗುವಾಗಲೂ ಕೆಳಕ್ಕೆ ಮಾತ್ರ ಜಗ್ಗಿದೆ. ಆಟ ಮುಗಿದ ಮೇಲೆ ಫಲಿತಾಂಶ ಬದಲಿಸಲು ನನಗೆ ಅಧಿಕಾರ ಇಲ್ಲ. ಕಪ್ಪು ಹೋಯಿತು. ಆ ಹುಡುಗನ ಹೆಸರು ಹೋಗಬಾರದು. ಶನಿವಾರ ಕಾರ್ಕಳದಲ್ಲಿ ಕಪ್ಪು ಗೆದ್ದವರಿಗೂ ಉಳಿದ ತಂಡಗಳಿಂದ ಆರಿಸಿದವರಿಗೂ ಪಂದ್ಯ ಉಂಟು, ಎರಡು ಊರಿನವರೂ ಬರುತ್ತಾರೆ. ನಡೆದದ್ದನ್ನು ಬರೆದು ಅಲ್ಲಿ ಓದಿ ಹೇಳುವ. ಓದುವುದು ನೀನು. ಗಂಟು ನಿನ್ನದು."

ಕಾರ್ಕಳದವರ ಎದುರು, ಅವರದೇ ಬಯಲಿನಲ್ಲಿ, ಅವರು ಗೆದ್ದ ಗೋಲು ಗೋಲಲ್ಲ ಎಂದು ಹೇಳಬೇಕು. ಹೊಡೆತ ಬೀಳಬಹುದೆಂದು ನಾನು ನಿಜವಾಗಿ ಹೆದರಿದ್ದೆ. ಶನಿವಾರ ಮೂರೂವರೆಗೆ ಬೆಂಚಿನ ಮೇಲೆ ನಿಂತು ಒಂದೂವರೆ ಪುಟ ಓದಿದೆ. ಚೆಂಡು ಹೋದದ್ದನ್ನು ನಾನು ಕಾಣಲಿಲ್ಲ ಎಂದು ಓದಿದೆ. ಹಗ್ಗ ಕಟ್ಟಿದವನು ನಾನು ಎಂದು ಓದಿದೆ. ಶೀನ ಕೈ ಎಳೆದದ್ದು ಬಲ್ಲ ಗೋಲ್‌ಕೀಪರ್ ಮಾಡುವ ಕೆಲಸ ಎಂದು ಓದಿದೆ. ಲಾರೆನ್ಸ್ ಮಾಸ್ಟರು ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದರು.

ಓದಿ ಮುಗಿಸಿದೆ. ಕಂಪೆನಿಯ ಮೇನೇಜರು ಕೆಳಗೆ ನೋಡುತ್ತಿದ್ದರು. ಆಗ ಜನರ ನಡುವಿನಿಂದ ಫೆಲಿಕ್ಸ್ ಕೂಗಿದ:

"ಹಾಗಾದ್ರೆ ಆ ಗೋಲು ಹೊಡೆದದ್ದು ಮಾಸ್ಟ್ರು!"

ಮೊದಲು ಕಾರ್ಕಳದವರೇ ನಕ್ಕರು. "ಮಾಸ್ಟ್ರಿಗೆ ಕಾರ್ಕಳದ ಬಣ್ಣದ ಅಂಗಿ ನಾನೇ ಹೊಲೀತೇನೆ, ಅಳತೆ ಕೊಡಿ!" ಎಂದು ಬೂಬಣ್ಣ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. ನಾನು ಬೆಂಚಿನಿಂದ ಇಳಿದು ಅದರ ಮೇಲೇ ಕೂತೆ.

ಕಾರ್ಕಳದ ಕ್ಯಾಪ್ಟನ್ ಜನರ ಹಿಂದೆ ನಿಂತಿದ್ದ ಶೀನನನ್ನು ಕೈ ಹಿಡಿದು ಎಳೆದು ತಂದು, ಎದುರಿನ ತಂಡದ ಗೋಲಿನಲ್ಲಿ ನಿಲ್ಲಿಸಿದ. ಶೀನ ಆ ದಿನ ಮೂರು ಗೋಲು ಬಿಟ್ಟ. ಒಬ್ಬರೂ ಒಂದು ಮಾತು ಹೇಳಲಿಲ್ಲ. ಸೋಮವಾರ, ಕಾಗದದ ಗಡುವಿನ ದಿನವೇ, ಅವನು ಕೆಲಸಕ್ಕೆ ಹಾಜರಾದ.

ಆಮೇಲೆ ನಾನು ಎಷ್ಟೋ ವರ್ಷ ಬಾವುಟ ಹಿಡಿದೆ, ಸೀಟಿಯನ್ನೂ ಊದಿದೆ. ಲಾರೆನ್ಸ್ ಮಾಸ್ಟರು ನಿವೃತ್ತರಾಗುವವರೆಗೂ ನನ್ನನ್ನು ಎರಡು ಪ್ರಶ್ನೆ ಕೇಳುತ್ತಿದ್ದರು, "ಒಳಗೆಯಾ?" ಮತ್ತು "ಹೋದದ್ದು ಕಂಡೆಯಾ?" ಎರಡನೆಯದಕ್ಕೆ ಇಲ್ಲ ಎಂದು ನಾನು ಹಲವು ಸಲ ಹೇಳಿದ್ದೇನೆ. ಹೊಸದಾಗಿ ಬಾವುಟ ಹಿಡಿಯುವವರಿಗೆ ಇಲ್ಲ ಎನ್ನಲು ಬಹಳ ನಾಚಿಕೆಯಾಗುತ್ತದೆ. ಹೇಳಿಬಿಡಿ, ಹಗುರವಾಗುತ್ತದೆ.

ಲಾರೆನ್ಸ್ ಮಾಸ್ಟರು ಈಗ ಇಲ್ಲ, ದೂಮಣ್ಣನೂ ಇಲ್ಲ. ಅಂದು ಉಡುಪಿಯ ಬಯಲಿನಲ್ಲಿದ್ದವರಲ್ಲಿ ಸಂತೆಕಟ್ಟೆಯ ಫೆಲಿಕ್ಸ್ ಇದ್ದಾನೆ, ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಕಾಪುವಿನಲ್ಲಿ ಬೂಬಣ್ಣ ಇದ್ದಾನೆ, ಕಣ್ಣು ಮಂಜು, ನೆನಪು ಸರಿ ಉಂಟು. ಅವರಿಬ್ಬರೂ ಕಂಡದ್ದು ನಾನು ಕಂಡಷ್ಟೇ: ಎಳೆದುಕೊಂಡ ಕೈ, ಅಲುಗಿದ ಬಲೆ, ಹುಲ್ಲಿನ ಮೇಲಿನ ಚೆಂಡು. ಚೆಂಡು ಹೋದದ್ದನ್ನು ಕಂಡವನು ಶೀನ ಒಬ್ಬನೇ. ಅವನು ಕಾರ್ಕಳದಲ್ಲಿ ಇದ್ದಾನೆ.